ಕರಡು, ಕಲಂ ಮೂರು

ಧಾರವಾಡದ ಕೋರ್ಟಿನ ಹಿಂದೆ, ಜೆರಾಕ್ಸ್ ಅಂಗಡಿಯ ಅಟ್ಟದ ಮೇಲೆ
ಪುಟಕ್ಕೆ ನೂರಿಪ್ಪತ್ತರಂತೆ
ಕಾಯಿದೆಗಳನ್ನು ಕನ್ನಡಕ್ಕೆ ಇಳಿಸುತ್ತೇನೆ.
ಇಳಿಸುವುದೇ ಸರಿಯಾದ ಮಾತು:
ಹಮಾಲರು ಲಾರಿಯಿಂದ ಇಳಿಸಿದ ಹಾಗೆ, ಬೆನ್ನು ಬಗ್ಗಿಸಿ,
ಒಳಗೇನಿದೆ ಎಂದು ಕೇಳದೆ.

ಈ ಸಲ ಬಂದದ್ದು ವಿದ್ಯುತ್ ಮಾರುಕಟ್ಟೆಯ
ವಂಚನೆ ತಡೆ ಮಸೂದೆ. ಇನ್ನೂ ಕರಡು.
ಅಂಚಿನಲ್ಲಿ ಯಾರದೋ ಪೆನ್ಸಿಲ್ಲು: ಜನಕ್ಕೆ ತಿಳಿಯುವಂತಿರಲಿ.
ಆಕ್ಷೇಪಣೆಗೆ ಮೂವತ್ತು ದಿನ. ನನಗೆ ಒಂಬತ್ತು.

ಎರಡು ಕಲಂ ಸರಾಗ ಇಳಿದವು. ಮೂರರಲ್ಲಿ ಸಿಕ್ಕಿಬಿದ್ದೆ.
ಇರುವ ವಿದ್ಯುತ್ತನ್ನು ಇಲ್ಲವೆಂದು ತೋರಿಸಿ
ಬೆಲೆ ಏರಿದ ಮೇಲೆ ಇದೆಯೆಂದು ಮಾರುವುದು.
ಇಂಗ್ಲಿಷಿನಲ್ಲಿ ಇದಕ್ಕೆ ಒಂದೇ ಪದ, ಇಸ್ತ್ರಿ ಹಾಕಿದ್ದು.
ನಿಘಂಟು ಕೊಟ್ಟದ್ದು 'ತಡೆಹಿಡಿಯುವಿಕೆ':
ಯಾರ ಕೈಯೂ ಇಲ್ಲದ ಹಾಗೆ.

ಗದಗಿಗೆ ಫೋನು ಹಚ್ಚಿದೆ. ಠಾಕ್ರಪ್ಪ ಲಮಾಣಿ,
ಗುಡ್ಡದ ಮೇಲಿನ ಗಾಳಿಗಂಬಗಳಿಗೆ ಗ್ರೀಸು ಹಾಕುವವನು,
ಎಂಬತ್ತು ಮೀಟರ್ ಮೇಲಿಂದ ಮಾತಾಡಿದ. ಅರ್ಧ ಮಾತು ಗಾಳಿಯದು.
"ಆಷಾಢದಾಗ ಸಂಜಿ ಏಳಕ್ಕ, ಅಕ್ಕಾರ,
ತಲಿಮ್ಯಾಲಿನ ಟೊಪಗಿ ಹಾರಿದ್ರ ಡಂಬಳದಾಗ ಹುಡುಕಬೇಕು, ಅಂಥಾ ಗಾಳಿ.
ಆವಾಗ ಫೋನ್ ಬರತದ: ಹದಿನಾಕು ಫ್ಯಾನ್ ನಿಲ್ಲಸು.
ವಹಿದಾಗ ಬರಿ, ದುರಸ್ತಿ.
ನಾ ಬರದೆ. ಪಾನಾ ಕಿಸೆದಾಗೇ ಇತ್ತು.
ತಾಸಿಗೆ ನಾಕು ಸಲ ರೇಟ್ ಹೊಳ್ಳತದಂತ.
ಎರಡು ಸಲ ಹೊಳ್ಳಿದ ಮ್ಯಾಲೆ ಮತ್ತ ಫೋನ್:
ದುರಸ್ತಿ ಮುಗೀತು."

ಕೆಳಗೆ ಜೆರಾಕ್ಸಿನವನ ಕರೆಂಟ್ ಬಿಲ್ಲು ಮೊಳೆಗೆ ಸಿಕ್ಕಿಸಿದೆ.
ಐದನೇ ಸಾಲು: ಖರೀದಿ ವೆಚ್ಚ ಹೊಂದಾಣಿಕೆ.
ಯಾರಿಗೂ ಯಾರಿಗೂ ಹೊಂದಾಣಿಕೆ?

ಶನಿವಾರ ಬ್ಯಾಡಗಿಗೆ ಹೋದೆ. ಮೆಣಸಿನಕಾಯಿ ಪ್ಯಾಟಿ;
ಬಸ್ಸಿಳಿಯುವ ಮೊದಲೇ ಮೂರು ಸೀನು.
ನನ್ನೇಸಾಬರು ನಲವತ್ತು ವರ್ಷ ತಕ್ಕಡಿ ಹಿಡಿದವರು,
ಈಗ ಎಲೆಕ್ಟ್ರಾನಿಕ್ ಕಾಟಾದ ಧೂಳು ಒರೆಸುತ್ತಾರೆ.
ಕಲಂ ಮೂರನ್ನು ಓದಿ ಹೇಳಿದೆ.
ಎರಡನೇ ಸಾಲಿಗೇ ನಕ್ಕರು.
"ಕಳವು ನಮ್ಮಜ್ಜನ ಕಾಲದ್ದವಾ, ಮಾಲು ಮಾತ್ರ ಹೊಸಾದು.
ನೂರು ಚೀಲ ಬಂದ್ರ ಇಪ್ಪತ್ತು ಅಂಗಳಕ್ಕ, ಎಂಬತ್ತು ಒಳಗ.
ಮಾಲಿಲ್ಲ, ಮಾಲಿಲ್ಲ ಅಂತ ಒದರಸೂದು.
ರೇಟ್ ಏರಿದ ಮ್ಯಾಲೆ ಬಾಗಲಾ ತಗಿಯೂದು.
ಚೀಲ ಮಲಗಸೂದು ಅಂತೀವಿ ನಾವು.
ಜಡ್ಡಿಲ್ಲ, ಜಾಪತ್ರಿಲ್ಲ, ಆದ್ರೂ ಮಲಗೇದ."

ಮಲಗಿಸುವುದು. ಬರೆದುಕೊಂಡೆ. ಚಹಾ ಬಂತು.
ಅವರ ದನಿ ಇಳಿಯಿತು:
"ನಾನೂ ಮಲಗಸೇನಿ. ಸಾವಕಾರ ಕಣ್ಣಸನ್ನಿ ಮಾಡಾವ,
ಮ್ಯಾಲೆ ತಾಡಪತ್ರಿ ಹೊಚ್ಚಾಂವ ನಾ.
ಇದರಾಗ ನನ್ನಂಥವಗ ಎಷ್ಟು ಶಿಕ್ಷಾ ಬರದಾರ?"

ಕಲಂ ಹನ್ನೊಂದನ್ನು ನಾನಿನ್ನೂ ಇಳಿಸಿರಲಿಲ್ಲ.
ಹಾವೇರಿ ದಾಟಿದ ಮೇಲೆ, ಬಸ್ಸಿನ ಕಿಟಕಿಯ ಬೆಳಕಿನಲ್ಲಿ ಓದಿದೆ:
ವಹಿಯಲ್ಲಿ ಸುಳ್ಳು ಬರೆದವನಿಗೆ ಮೂರು ವರ್ಷ ಸೆರೆ.
ಬರೆಸಿದ ಕಂಪನಿಗೆ ದಂಡ,
ಅದರ ಮೇಲೆ ಮೇಲ್ಮನವಿ, ಅದರ ಮೇಲೆ ತಡೆಯಾಜ್ಞೆ.
ಬೆರಳಿಗಂಟಿದ್ದ ಮೆಣಸಿನ ಪುಡಿ ಕಣ್ಣಿಗೆ ಹೋಯಿತು.
ಹುಬ್ಬಳ್ಳಿಯವರೆಗೂ ಉರಿಯಿತು.

ಹನ್ನೊಂದನ್ನು ಇದ್ದದ್ದು ಇದ್ದ ಹಾಗೇ ಇಳಿಸಿದೆ,
ಒಂದಕ್ಷರ ಆಚೀಚೆ ಮಾಡದೆ. ಅದು ನನ್ನ ಹೊಟ್ಟೆಪಾಡು.
ಆಮೇಲೆ ಬೇರೆ ಹಾಳೆ ತಗೊಂಡೆ, ಯಾರೂ ದುಡ್ಡು ಕೊಡದ ಹಾಳೆ.
ಮೇಲೆ ಬರೆದೆ: ಆಕ್ಷೇಪಣೆ.
ಪೆನ್ನು ಹಿಡಿದವನ ಹೆಸರು ವಹಿಯಲ್ಲಿದೆ, ಸ್ವಾಮಿ.
ಫೋನು ಹಿಡಿದವನದನ್ನು
ಯಾವ ಕಲಮಿನಲ್ಲಿ ಹುಡುಕಲಿ?

ಒಂಬತ್ತನೇ ದಿನ ಕರಡು ವಾಪಸು ಬಂತು.
'ಮಲಗಿಸುವುದು' ಕೆಂಪು ಶಾಯಿಯಲ್ಲಿ ಹೊಡೆದುಹಾಕಿದೆ.
ಅಂಚಿನಲ್ಲಿ: ಗ್ರಾಮ್ಯ.
ಆಕ್ಷೇಪಣೆಗೆ ಒಂದು ನಂಬರು ಕೊಟ್ಟಿದ್ದಾರೆ, ನಾಲ್ಕಂಕಿಯದು.

ಸಂಜೆ ಏಳಕ್ಕೆ ಐದು ಕಡಿಮೆ. ಠಾಕ್ರಪ್ಪನ ಫೋನು.
"ಗಾಳಿ ಭಾಳದ, ಅಕ್ಕಾರ," ಅಂದ.
"ಇನ್ನೂ ಅವರು ಹಚ್ಚಿಲ್ಲ."
ಇಬ್ಬರೂ ಇಡದೆ ಹಿಡಿದೇ ಇದ್ದೆವು.